ಪೈನ್ ಮರ ಒಂದು ವರ್ಷ ಜಗ್ಗಿ ಬಿಡುತ್ತದೆ, ಇನ್ನೊಂದು ವರ್ಷ ಬರಿದು: ಯಾಕೆ?

ಪ್ರಶ್ನೆ: ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಶಿಮ್ಲಾಗೆ ಹೋಗಿದ್ದೆವು. ದಾರಿಯಲ್ಲಿ ಪೈನ್ ಮರಗಳ ಕೆಳಗೆ ರಾಶಿ ರಾಶಿ ಕಾಯಿ ಬಿದ್ದಿತ್ತು. ಕೆಲವು ವರ್ಷ ಇಷ್ಟೊಂದು ಬಿಡುವುದೇ ಇಲ್ಲ ಅಂತ ಟ್ಯಾಕ್ಸಿಯವರು ಹೇಳಿದರು. ಬಿಸಿಲು ಹೆಚ್ಚಾದರೆ ಬೀಜ ಜಾಸ್ತಿ ಆಗುತ್ತದೆಯೇ? ಒಂದೆರಡು ಕಾಯಿ ತಂದಿದ್ದೇನೆ. ಅದರ ಬೀಜ ನಮ್ಮಲ್ಲಿ ಹುಟ್ಟುತ್ತದೆಯೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನೆಲದ ಮೇಲಿನ ರಾಶಿ ನೋಡಿ ಆ ವರ್ಷದ ಫಸಲು ಅಳೆಯಬೇಡಿ. ಆ ದಾರಿಯಲ್ಲಿ ಹೆಚ್ಚಾಗಿ ಕಾಣುವುದು ಚಿರ್ ಪೈನ್ ಎಂಬ ಜಾತಿ. ಅದರ ಕಾಯಿ ಬೀಜ ಉದುರಿಸಿದ ಮೇಲೂ ಕೊಂಬೆಯಲ್ಲೇ ಇದ್ದು, ಆಮೇಲೆ ಯಾವಾಗಲೋ ಬೀಳುತ್ತದೆ. ಹಾಗಾಗಿ ರಾಶಿಯಲ್ಲಿ ಹಳೆಯದೂ ಹೊಸದೂ ಬೆರೆತಿರುತ್ತದೆ. ತಲೆ ಎತ್ತಿ, ಕೊಂಬೆಯಲ್ಲಿ ಬಾಯಿ ಮುಚ್ಚಿಕೊಂಡಿರುವ ಕಾಯಿ ಎಷ್ಟಿವೆ ಅಂತ ನೋಡಬೇಕು.

ಆದರೂ ಟ್ಯಾಕ್ಸಿಯವರ ಮಾತು ನಿಜ. ನಮ್ಮ ಹುಣಸೆ ಒಂದು ವರ್ಷ ಜಗ್ಗಿ ಬಿಟ್ಟು ಮುಂದಿನ ವರ್ಷ ಕೈಕೊಡುತ್ತದಲ್ಲ, ಸೂಚಿಪರ್ಣಿ ಮರಗಳದ್ದೂ (ಪೈನ್‌ನಂತೆ ಹೂವಿಲ್ಲದೆ, ಪಕಳೆ ಪಕಳೆಯ ಕಾಯಿ ಬಿಡುವ ಗುಂಪು) ಹಾಗೆಯೇ. ಕೆಲವು ಜಾತಿಗಳಲ್ಲಂತೂ ನೂರಾರು ಕಿಲೋಮೀಟರ್ ಕಾಡು ಒಟ್ಟಿಗೇ ಬಿಡುತ್ತದೆ, ಒಟ್ಟಿಗೇ ಸುಮ್ಮನಾಗುತ್ತದೆ. ಇದರಿಂದ ಮರಕ್ಕೆ ಲಾಭವಿದೆ. ಬರಿದಾದ ವರ್ಷಗಳಲ್ಲಿ ಬೀಜ ತಿನ್ನುವ ಅಳಿಲು, ಹುಳುಗಳ ಸಂಖ್ಯೆ ಇಳಿಯುತ್ತದೆ. ಆಮೇಲೆ ಒಮ್ಮೆಲೇ ಸುರಿದರೆ ಅವು ಎಷ್ಟು ತಿಂದರೂ ಬೀಜ ಉಳಿಯುತ್ತದೆ.

ಈಗ ಹವಾಮಾನದ ವಿಷಯ. ಈ ವರ್ಷದ ಕಾಯಿಗೆ ಈ ವರ್ಷದ ಬಿಸಿಲು ಕಾರಣ ಅಲ್ಲ. ಕೆನಡಾ, ಅಲಾಸ್ಕಾದಲ್ಲಿ ಬೆಳೆಯುವ, ಪೈನ್ ಗುಂಪಿನದೇ ಆದ ಬಿಳಿ ಸ್ಪ್ರೂಸ್ ಮರ ಮುಂದಿನ ವರ್ಷದ ಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟುತ್ತದೆ. ಆ ಬೇಸಿಗೆ ಬಿಸಿಯಾಗಿ, ಒಣದಾಗಿ ಇದ್ದರೆ ಮರುವರ್ಷ ಕಾಯಿ ಹೆಚ್ಚು. ಚಿರ್ ಪೈನ್‌ನದ್ದು ಇನ್ನೂ ನಿಧಾನ. ಎಳೆಗಾಯಿ ಮೂಡಿ ಬೀಜ ಉದುರಲು ಸುಮಾರು ಎರಡು ವರ್ಷ ಬೇಕು. ನಡುವೆ ಬರ ಬಂದರೂ, ಪರಾಗ ಹಾರುವ ಹೊತ್ತಿಗೆ ಮಳೆ ಹಿಡಿದರೂ ಪೆಟ್ಟು ಬೀಳುತ್ತದೆ.

ಇಷ್ಟು ದೊಡ್ಡ ಕಾಡು ಒಟ್ಟಿಗೆ ಬಿಡುವುದು ಹೇಗೆ? ಅದಕ್ಕೆಲ್ಲ ಒಂದೇ ಹವೆ ಬಡಿಯುತ್ತದೆ, ಅದಕ್ಕೇ. 2023ರಲ್ಲಿ ನಮ್ಮಲ್ಲಿ ಮಳೆ ಕೈಕೊಟ್ಟಾಗ ಎಲ್ ನಿನೊ ಹೆಸರು ಕೇಳಿದ್ದೀರಿ, ಅಲ್ವಾ? ಎಲ್ಲೋ ಪೆಸಿಫಿಕ್ ಸಾಗರ ಬಿಸಿಯಾದರೆ ತುಂಗಭದ್ರಾ ಅಚ್ಚುಕಟ್ಟಿನ ರೈತರು ಚಿಂತೆಗೆ ಬೀಳುತ್ತಾರೆ. ಇಂಥ ದೂರದ ಏರಿಳಿತಗಳು ಕಾಡಿಗೂ ತಟ್ಟುತ್ತವೆ. ಯೂರೋಪಿನ ಬೀಚ್ ಮತ್ತು ನಾರ್ವೆ ಸ್ಪ್ರೂಸ್ ಮರಗಳು ಜಾಸ್ತಿ ಬೀಜ ಬಿಡುವ ವರ್ಷಗಳಿಗೂ ಉತ್ತರ ಅಟ್ಲಾಂಟಿಕ್ ಮೇಲಿನ ವಾಯುಒತ್ತಡದ ಏರಿಳಿತಕ್ಕೂ ನಂಟಿದೆ ಅಂತ 2017ರ ಅಧ್ಯಯನವೊಂದು ತೋರಿಸಿತು.

ಹಾಗಾದರೆ ಭೂಮಿ ಬಿಸಿಯಾದಷ್ಟೂ ಬೀಜ ಹೆಚ್ಚುತ್ತದೆಯೇ? ಇಲ್ಲ. ನ್ಯೂಜಿಲೆಂಡಿನ ವಿಜ್ಞಾನಿ ಡೇವ್ ಕೆಲ್ಲಿ ಮತ್ತು ಜೊತೆಗಾರರು 2013ರಲ್ಲಿ ಹೇಳಿದ ಪ್ರಕಾರ, ಹಲವು ಗಿಡಮರಗಳು ಬರೀ ಬಿಸಿಯನ್ನಲ್ಲ, ಹಿಂದಿನ ಎರಡು ಬೇಸಿಗೆಗಳ ನಡುವಿನ ವ್ಯತ್ಯಾಸವನ್ನು ಅನುಸರಿಸುತ್ತವೆ. ತಂಪು ಬೇಸಿಗೆಯ ಬೆನ್ನಿಗೇ ಬಿಸಿ ಬೇಸಿಗೆ ಬಂದರೆ ಫಸಲು. ಎಲ್ಲಾ ಬೇಸಿಗೆಯೂ ಬಿಸಿಯಾದರೆ ಆ ವ್ಯತ್ಯಾಸ ಎಲ್ಲಿಂದ ಬರಬೇಕು? ಜಾತಿಯಿಂದ ಜಾತಿಗೆ ಲೆಕ್ಕವೂ ಬೇರೆ. ಅಮೆರಿಕದ ಪಿನ್ಯೋನ್ ಪೈನ್‌ಗೆ ಮೊಗ್ಗು ಕಟ್ಟುವಾಗ ತಂಪು ಬೇಕು. ನ್ಯೂ ಮೆಕ್ಸಿಕೊ ಮತ್ತು ಒಕ್ಲಹಾಮಾದ ಕೆಲವು ಕಾಡುಗಳಲ್ಲಿ 1970ರ ಆಸುಪಾಸಿಗೆ ಹೋಲಿಸಿದರೆ ಈ ಶತಮಾನದ ಮೊದಲ ದಶಕದ ಹೊತ್ತಿಗೆ ಅದರ ಕಾಯಿ ಸುಮಾರು ಶೇ 40ರಷ್ಟು ಕುಸಿದಿದೆ. ಬಿಸಿ ಹೆಚ್ಚಿದ ಕಡೆಯೇ ಕುಸಿತವೂ ಹೆಚ್ಚು. ನನ್ನನ್ನು ಕೇಳಿದರೆ ನಿಜಕ್ಕೂ ಚಿಂತೆಯ ವಿಷಯ ಇದೇ. ನಿಂತಿರುವ ಮರ ಹಸಿರಾಗೇ ಕಾಣುತ್ತದೆ, ಅದರ ಕೆಳಗೆ ಹೊಸ ಸಸಿ ಹುಟ್ಟುವುದು ಕಡಿಮೆಯಾಗುತ್ತಾ ಹೋಗುತ್ತದೆ.

ಇನ್ನು ನೀವು ತಂದ ಕಾಯಿ. ಬಾಯಿ ಬಿಟ್ಟಿದ್ದರೆ ಒಂದು ಪಕಳೆಯನ್ನು ಬಗ್ಗಿಸಿ ನೋಡಿ. ಬುಡದಲ್ಲಿ ಅಕ್ಕಪಕ್ಕ ಎರಡು ಗುಳಿ ಕಾಣುತ್ತವೆ. ರೆಕ್ಕೆಯಿರುವ ಬೀಜಗಳು ಅಲ್ಲಿದ್ದವು, ಈಗ ಹಾರಿಹೋಗಿವೆ. ಎಲ್ಲೋ ಒಂದೆರಡು ಸಿಕ್ಕಿ ಮೊಳೆತರೂ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಸಸಿ ತಡೆಯುವುದು ಕಷ್ಟ. ಮನೆ ಮುಂದೆ ಬೆಳೆಸುವ, ಮಕ್ಕಳು ಪುಸ್ತಕದಲ್ಲಿ ಎಲೆ ಇಟ್ಟುಕೊಳ್ಳುವ ಥುಜಾ ಗಿಡ ನಿಜವಾದ ಸೂಚಿಪರ್ಣಿ. ಅದರ ನೀಲಿ-ಹಸಿರು, ಕೊಕ್ಕೆಯಿರುವ ಪುಟ್ಟ ಕಾಯಿಗಳನ್ನು ವರ್ಷ ವರ್ಷ ಎಣಿಸಿ ಬರೆದಿಡಬಹುದು. ಸರ್ವೆ ಮರ ನೋಡಲು ಪೈನ್ ಥರ ಇದ್ದರೂ ಈ ಗುಂಪಿಗೆ ಸೇರಿದ್ದಲ್ಲ, ಹೂ ಬಿಡುವ ಮರ ಅದು.