ಕಾವೇರಿಯ ಮಹಶೀರ್ ಅಧ್ಯಯನಕ್ಕೆ ಸಿಒಐ ಮಾರ್ಕರ್ ಒಂದೇ ಸಾಕೇ?

ಕಾವೇರಿಯ ಬೇರೆ ಬೇರೆ ಉಪನದಿಗಳ ಮಹಶೀರ್ ಮೀನುಗಳಲ್ಲಿ ಆನುವಂಶಿಕವಾಗಿ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯಲು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ ಇರುವ, ಗುರುತಾಗಿ (ಮಾರ್ಕರ್) ಬಳಸುವ ಸಿಒಐ ಎಂಬ ಜೀನನ್ನು ಮಾತ್ರ ಪರೀಕ್ಷಿಸಿದರೆ ಸಾಕೇ ಎಂದು ಕೇಳಿದ್ದೀರಿ. ಪ್ರಭೇದ ಯಾವುದೆಂದು ಗುರುತಿಸಲು ಬಹುಮಟ್ಟಿಗೆ ಸಾಕು; ನಿಮ್ಮ ಉದ್ದೇಶಕ್ಕೆ ಸಾಲದು.

ಪರೀಕ್ಷೆಗೆ ಬಳಸುವ ಸುಮಾರು 650 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಸಿಒಐ ತುಣುಕು ತಾಯಿಯಿಂದ ಮಾತ್ರ ಬರುತ್ತದೆ. ಕಾವೇರಿಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಅಲ್ಲಿಯದೇ ಆದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಡುಬ್ಬದ ಮಹಶೀರ್, 2007ರಲ್ಲಿ ಕಾವೇರಿ ಜಲಾನಯನದ್ದೇ ಆದ ಪಾಂಬಾರ್ ನದಿಯಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೇ ಎಂದು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ, ಲೋಣಾವಳಾದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಟಾರ್ ಖುದ್ರೀ ಮರಿಗಳ ಬಿತ್ತನೆ ಈ ನದಿಯಲ್ಲಿ ವರ್ಷಗಟ್ಟಲೆ ನಡೆದಿತ್ತು. ಹೆಣ್ಣು ರೆಮಾದೇವಿಗೂ ಗಂಡು ಖುದ್ರೀಗೂ ಹುಟ್ಟಿದ ಮರಿಯೊಂದು ನಿಮ್ಮ ಬಲೆಗೆ ಬಿದ್ದಿತೆನ್ನಿ, ಸಿಒಐ ಅದನ್ನು ಅಪ್ಪಟ ರೆಮಾದೇವಿ ಎಂದೇ ತೋರಿಸುತ್ತದೆ.

ಆದ್ದರಿಂದ ತಂದೆತಾಯಿ ಇಬ್ಬರಿಂದಲೂ ಬರುವ ಮೈಕ್ರೋಸ್ಯಾಟಲೈಟ್‌ಗಳನ್ನು, ಅಂದರೆ ಡಿಎನ್‌ಎಯ ಚಿಕ್ಕ ತುಣುಕೊಂದು ಸಾಲಾಗಿ ಮತ್ತೆ ಮತ್ತೆ ಬರುವ ತಾಣಗಳನ್ನು, ಜೊತೆಗೆ ಸೇರಿಸಿಕೊಳ್ಳಿ. ಸಿಎಸಿಎಸಿಎ ಎಂಬಂತಹ ಪುನರಾವರ್ತನೆ ಒಂದು ಮೀನಿನಲ್ಲಿ ಹದಿನಾಲ್ಕು ಸಲ, ಇನ್ನೊಂದರಲ್ಲಿ ಹತ್ತೊಂಬತ್ತು ಸಲ ಇರಬಹುದು. ಇಂತಹ ಹತ್ತಾರು ತಾಣಗಳನ್ನು ಒಟ್ಟಿಗೆ ನೋಡಿದಾಗ ಸಮೂಹಗಳ ನಡುವಿನ ಬೆರಕೆಯೂ ಪ್ರತ್ಯೇಕತೆಯೂ ಕಾಣುತ್ತವೆ. ಮಹಶೀರ್‌ನಲ್ಲಿ ಒಂದು ತೊಡಕಿದೆ: ಕಾಟ್ಲಾ, ರೋಹುಗಳಲ್ಲಿ 50 ಕ್ರೋಮೋಸೋಮ್‌ಗಳಿದ್ದರೆ ಇದರಲ್ಲಿ 100. ಕ್ರೋಮೋಸೋಮ್‌ಗಳು ಇಮ್ಮಡಿಯಾಗಿರುವುದರಿಂದ ಒಂದೇ ಬಗೆಯ ತಾಣ ಎರಡು ಕಡೆ ಇರಬಹುದು. ಹೀಗಾಗಿ ಒಂದೇ ಪ್ರೈಮರ್ ಜೋಡಿ (ಬೇಕಾದ ತಾಣವನ್ನು ಹಿಡಿದು ನಕಲು ಮಾಡಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಎರಡು ತಾಣಗಳನ್ನು ವರ್ಧಿಸಿ, ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಇರಬಾರದ ಆಲೀಲ್‌ಗಳನ್ನು (ಒಂದು ತಾಣದ ಬೇರೆ ಬೇರೆ ರೂಪಗಳನ್ನು) ಒಂದೇ ಮೀನಿನಲ್ಲಿ ಮೂರು ನಾಲ್ಕು ತೋರಿಸಬಹುದು. ಅಂತಹ ಪ್ರೈಮರ್‌ಗಳನ್ನು ಮೊದಲೇ ಕೈಬಿಡುವುದು ಲೇಸು.

ಮಾದರಿಗೆ ಮೀನನ್ನು ಕೊಲ್ಲಬೇಕಾಗಿಲ್ಲ. ಬಾಲದ ಅಂಚಿನಿಂದ ಕಿರುಬೆರಳ ಉಗುರಿನಷ್ಟು ಕತ್ತರಿಸಿ 95 ಶೇಕಡಾ ಎಥನಾಲ್‌ನಲ್ಲಿ ಹಾಕಿಡಿ, ಮರುದಿನ ಎಥನಾಲ್ ಬದಲಿಸಿ. ರೆಕ್ಕೆ ಮತ್ತೆ ಬೆಳೆಯುತ್ತದೆ. ಆದರೆ ಯಾವ ಮೀನುಗಳಿಂದ ಮಾದರಿ ತೆಗೆಯಬೇಕು ಎಂಬುದರಲ್ಲಿ ನಾನು ಎಡವಿದ್ದೆ. ಮೊದಲ ಸಲ ಒಂದೇ ಮಡುವಿನಲ್ಲಿ, ಒಂದೇ ಬೀಸುಬಲೆಗೆ ಬಿದ್ದ ಮೂವತ್ತು ಮರಿಗಳಿಂದ ಮಾದರಿ ತೆಗೆದು, ಪಕ್ಕದ ಹೊಳೆಯ ಮೀನುಗಳಿಗಿಂತ ಅವು ಬಹಳ ಬೇರೆ ಎಂದು ಬರೆದುಕೊಂಡೆ. ಆಮೇಲೆ ರಕ್ತಸಂಬಂಧದ ಲೆಕ್ಕ ಹಾಕಿದಾಗ ಅವುಗಳಲ್ಲಿ ಹೆಚ್ಚಿನವು ಒಡಹುಟ್ಟಿದವು ಎಂದು ತಿಳಿಯಿತು. ನಾನು ಅಳೆದದ್ದು ಎರಡು ಹೊಳೆಗಳ ವ್ಯತ್ಯಾಸವನ್ನಲ್ಲ, ಒಂದು ಸಂಸಾರವನ್ನು. ಮರುವರ್ಷ ಹಲವು ಮಡುಗಳಿಂದ, ಬೇರೆ ಬೇರೆ ಗಾತ್ರದ ಮೀನುಗಳಿಂದ ಮತ್ತೆ ಮಾದರಿ ತೆಗೆಯಬೇಕಾಯಿತು.