ಕನ್ನಡ ಮಾಧ್ಯಮದ ಮಗಳಿಗೆ ಆಕ್ಯುಪೇಷನಲ್ ಥೆರಪಿ ಓದಿಸಬಹುದಾ?

ನಮಸ್ಕಾರ ಸರ್. ರಾಯಚೂರಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದ ಮಗಳು ಬಿಓಟಿ (ಆಕ್ಯುಪೇಷನಲ್ ಥೆರಪಿಯ ಪದವಿ) ಸೇರಿದರೆ ಇಂಗ್ಲಿಷಿಗೆ ಹೆದರಿ ಹಿಂದೆ ಬೀಳ್ತಾಳಾ, ನಮ್ಮಂಥವರ ಮಕ್ಕಳು ಈ ಕ್ಷೇತ್ರದಲ್ಲಿ ಮೇಲೆ ಬರೋದುಂಟಾ ಅಂತ ಕೇಳಿದ್ದೀರಿ.

ಮೊದಲ ವರ್ಷದ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡೋ ರೀತಿ) ಕಷ್ಟವೇ, ಮುಚ್ಚಿಡಲ್ಲ. ಆದರೆ ರೋಗಿಗಳ ಜೊತೆ ಕೂರೋಕೆ ಶುರುವಾದ ಮೇಲೆ ಅವಳ ಹಳ್ಳಿಯೇ ಅವಳ ಬಂಡವಾಳ. ಲಕ್ವಾ ಹೊಡೆದವರು ಮತ್ತೆ ತಾವೇ ಉಣ್ಣೋ, ಸ್ನಾನ ಮಾಡೋ, ಸೀರೆ ಉಡೋ ಹಾಗೆ ಮಾಡೋದು ಆಕ್ಯುಪೇಷನಲ್ ಥೆರಪಿಸ್ಟರಾದ ನಮ್ಮ ಕೆಲಸ. ನಾವು ಓದಿದ ವಿದೇಶಿ ಪುಸ್ತಕಗಳಲ್ಲಿ ಇರೋದು ಫೋರ್ಕು, ಕಮೋಡು, ನಿಂತು ಅಡುಗೆ ಮಾಡೋ ಕಟ್ಟೆ. ಎದುರಿಗಿರೋ ಅಜ್ಜಿ ಕೇಳೋದು, ‘ಒಲಿ ಮುಂದ ಕುಂತು ರೊಟ್ಟಿ ಬಡಿಯಾಕ ಆಗತೈತೇನವ್ವ?’ ಅಂತ. ಅಜ್ಜಿಗೆ ಇದು ಎಷ್ಟು ಆಗುತ್ತೆ ಅಂತ ಅಳೆಯೋದು ಹೇಗೆ, ಇದಕ್ಕೆ ತಕ್ಕ ತರಬೇತಿ ಯಾವುದು ಅಂತ ಹುಡುಕೋದು ಎಂಓಟಿ (ಇದರ ಸ್ನಾತಕೋತ್ತರ ಪದವಿ) ಪ್ರಬಂಧಕ್ಕೆ ಒಳ್ಳೇ ವಿಷಯ. ಆ ಪ್ರಶ್ನೆ ಪಟ್ಟಣದಲ್ಲೇ ಬೆಳೆದ ನನಗಂತೂ ಹೊಳೆದಿರಲಿಲ್ಲ!

ಮೇಲೆ ಬರೋ ಮಾತಿಗೆ ಬಂದರೆ, ಭಾರತದಲ್ಲಿ ಈ ಓದು ಶುರು ಮಾಡಿದ್ದೇ ಹೊರಗಿಂದ ಬಂದ ಹೆಣ್ಣುಮಗಳು. ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು.

ದುಡ್ಡಿನ ವಿಷಯ: ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ, ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಕಾಲೇಜಿಗೆ ಹೋದಾಗ ಕಚೇರಿಯವರನ್ನಷ್ಟೇ ಅಲ್ಲ, ಹಾಸ್ಟೆಲಿನ ಸೀನಿಯರ್ ಹುಡುಗಿಯರನ್ನೂ ಮಾತಾಡಿಸಿ.