ಹಾಳೆ ತಟ್ಟೆಯ ಪಕ್ಕದ ಬಾಟಲಿ

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರದಿಂದ: “ಕಳೆದ ಸಂಚಿಕೆಯಲ್ಲಿ ‘ಪೇಟೆಗೆ ಹೋಗುವಾಗ ಚೀಲ ಒಯ್ಯಿರಿ’ ಎಂದು ಎರಡು ಪುಟ ಬರೆದಿದ್ದೀರಿ. ನಾನು ನಲವತ್ತು ವರ್ಷದಿಂದ ಒಯ್ಯುತ್ತಿದ್ದೇನೆ. ಮೊನ್ನೆ ನೆಂಟರ ಮನೆ ಗೃಹಪ್ರವೇಶದಲ್ಲಿ ಊಟಕ್ಕೆ ಕೂತರೆ ಎದುರಿಗೆ ಹಾಳೆ ತಟ್ಟೆ, ಪಕ್ಕದಲ್ಲಿ ತಲೆಗೊಂದು ಸಣ್ಣ ನೀರಿನ ಬಾಟಲಿ. ಎರಡು ಗುಟುಕು ಕುಡಿದು ಎದ್ದವರೇ ಜಾಸ್ತಿ. ಬುದ್ಧಿ ಹೇಳುವುದೆಲ್ಲ ಕೊಳ್ಳುವವರಿಗೇ. ಮಾಡಿ ಮಾರುವವರನ್ನು ಕೇಳುವವರು ಯಾರು? ನಮ್ಮ ಹಿರಿಯರು ಯಾವ ಕಾನೂನೂ ಇಲ್ಲದೆ ಕಾಡಿನ ಜೊತೆ ಬದುಕಿದ್ದರಲ್ಲ?”

ಮೇಷ್ಟ್ರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಚೀಲದ ಬಗ್ಗೆ ಬರೆದ ಆ ಸಂಚಿಕೆ ನಿಮ್ಮ ಮನೆಗೆ ಬಂದದ್ದು ಪ್ಲಾಸ್ಟಿಕ್ ಕವರಿನೊಳಗೆ. ನೀವು ಅದನ್ನು ಬರೆಯಲಿಲ್ಲ, ದೊಡ್ಡ ಮನಸ್ಸು. ಒಂದು ವರ್ಷ ಕವರಿಲ್ಲದೆ ಕಳಿಸಿ ನೋಡಿದ್ದೆವು. ಆರಿದ್ರಾ ಮಳೆಗೆ ಹೊಸನಗರ, ಆಗುಂಬೆ ಕಡೆಯ ಪ್ರತಿಗಳು ಅಂಟಿಕೊಂಡು ಹಪ್ಪಳದ ಹಿಟ್ಟಿನಂತಾಗಿದ್ದವು. ಮತ್ತೆ ಕವರಿಗೇ ಮರಳಿದೆವು.

ಇನ್ನು ನಿಮ್ಮ ಬಾಟಲಿ. ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ ನಿಷೇಧಿಸಿತು. ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯ ಹೆಸರೂ ಆ ಪಟ್ಟಿಯಲ್ಲಿದೆ. ಯಾವ ಛತ್ರಕ್ಕೆ ಹೋದರೂ ಟೇಬಲ್ ಮೇಲೆ ಏನು ಹಾಸಿದ್ದಾರೆ ಎಂದು ನೀವೇ ನೋಡಿದ್ದೀರಿ! ಆಮೇಲೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳು ನಿಷೇಧವಾದವು. ಸ್ಟ್ರಾ, ಕಿವಿಕಡ್ಡಿ, ಐಸ್‌ಕ್ರೀಮ್ ಕಡ್ಡಿ, ತಟ್ಟೆ, ಲೋಟ ಎಲ್ಲ ಸೇರಿದವು. ನೀರಿನ ಬಾಟಲಿ ಸೇರಲಿಲ್ಲ. ಅಂದರೆ ಪ್ಲಾಸ್ಟಿಕ್ ಲೋಟದಲ್ಲಿ ನೀರು ಕೊಟ್ಟರೆ ತಪ್ಪು, ಅದಕ್ಕಿಂತ ದಪ್ಪ ಪ್ಲಾಸ್ಟಿಕ್‌ಗೆ ಮುಚ್ಚಳ ಹಾಕಿ ಕೊಟ್ಟರೆ ಸರಿ.

ಹಾಗಂತ ಮಾಡುವವರನ್ನು ಯಾರೂ ಕೇಳಿಲ್ಲ ಅಂತಲೂ ಅಲ್ಲ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಮಾರ್ಗಸೂಚಿ ತಂತು. ಪ್ಲಾಸ್ಟಿಕ್‌ನಲ್ಲಿ ಸರಕು ತುಂಬಿ ಮಾರುವ ಕಂಪನಿಯೇ ಅಷ್ಟು ಕಸವನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸಬೇಕು ಎಂಬುದು ಅದರ ತಿರುಳು. ಬಾಟಲಿ, ಡಬ್ಬಿಯಂಥವನ್ನು ತೊಳೆದು ಮತ್ತೆ ಬಳಸುವುದಕ್ಕೂ ಗುರಿ ಇಟ್ಟರು. 4.9 ಲೀಟರ್ ಮತ್ತು ಅದಕ್ಕಿಂತ ದೊಡ್ಡದಾದರೆ 2025-26ಕ್ಕೆ ಶೇ 70, ಅದಕ್ಕಿಂತ ಚಿಕ್ಕದಾದರೆ ಶೇ 10. ಆದರೆ ಈ ಮರುಬಳಕೆಯ ಲೆಕ್ಕ ಶುರುವಾಗುವುದೇ 0.9 ಲೀಟರಿನಿಂದ. ನಿಮ್ಮ ತಟ್ಟೆ ಪಕ್ಕ ಕೂತಿದ್ದ ಆ ಪುಟಾಣಿ ಕೆಳಗಿನಿಂದ ನುಸುಳಿಹೋಯಿತು. ಒಂದು ಸಾಲಿನ ಅಳತೆಯಲ್ಲಿ ಎಷ್ಟು ಮದುವೆ ಮನೆಗಳ ಕಸ ತಪ್ಪಿಸಿಕೊಂಡಿತು ನೋಡಿ. ಪತ್ರಿಕೆಯವರು ನಾವು ಇಂಥ ಸಾಲು ಓದುವ ಬದಲು ಚೀಲದ ಮೇಲೆ ಲೇಖನ ಬರೆಯುತ್ತೇವೆ. ಅದು ಸುಲಭ, ಅಲ್ವಾ?

ನಮ್ಮ ಜಿಲ್ಲೆಯವರು ಮುಜುಗರ ಪಡಬೇಕಾದ ಸಂಗತಿ ಇನ್ನೊಂದಿದೆ. ನಮ್ಮ ಕೆಂಪಡಿಕೆ ಶಿವಮೊಗ್ಗ ಮಂಡಿಯಿಂದ ಲಾರಿ ಹತ್ತಿ ಉತ್ತರಕ್ಕೆ ಹೋಗುತ್ತದೆ. ಅದೇ ಅಡಿಕೆ ಪಾನ್ ಮಸಾಲ ಆಗಿ, ಮಿರಮಿರ ಮಿಂಚುವ ಪೊಟ್ಟಣದಲ್ಲಿ ನಮ್ಮ ಬಸ್‌ಸ್ಟ್ಯಾಂಡಿನ ಗೂಡಂಗಡಿಗೇ ವಾಪಸ್ ಬಂದು ನೇತಾಡುತ್ತದೆ. ಗುಟ್ಕಾ, ಪಾನ್ ಮಸಾಲಕ್ಕೆ ಪ್ಲಾಸ್ಟಿಕ್ ಪೊಟ್ಟಣ ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರ ಡಿಸೆಂಬರ್‌ನಲ್ಲಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೂ ಅದೇ ಮಾತಿದೆ. ಚರಂಡಿಯಲ್ಲಿ ಬಿದ್ದ ಪೊಟ್ಟಣಕ್ಕೆ ನಿಯಮ ಓದಲು ಬರುವುದಿಲ್ಲ. ಅಡಿಕೆ ದರ ನೂರು ರೂಪಾಯಿ ಇಳಿದರೆ ಮರುದಿನವೇ ಸಭೆ ಕರೆಯುವ ನಾವು, ಆ ಅಡಿಕೆ ಯಾವ ಕವರಿನಲ್ಲಿ ಮಾರಾಟವಾಗುತ್ತದೆ ಎಂದು ಯಾವತ್ತಾದರೂ ಕೇಳಿದ್ದೇವಾ?

ಕೇಳಿ ಮಾಡಿಸಿದವರೂ ಇದ್ದಾರೆ. ನೀಲಗಿರಿ ನಮ್ಮಂತೆಯೇ ಮಳೆ, ಕಾಡು, ಪ್ರವಾಸಿಗರ ಊರು. ಕುಡಿದು ಎಸೆದ ಗಾಜಿನ ಬಾಟಲಿ ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿದೆ ಎಂಬ ವಿಚಾರ ಮದ್ರಾಸ್ ಹೈಕೋರ್ಟ್‌ಗೆ ಹೋಯಿತು. 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಆ 10 ರೂಪಾಯಿ ವಾಪಸ್ ಕೊಡುವ ಪದ್ಧತಿ ಬಂತು. ಭಾಷಣ ಇಲ್ಲ, ಗೋಡೆ ಬರಹ ಇಲ್ಲ. ಕುಡಿದವನು ಎಸೆದರೂ ಹೆಕ್ಕುವವನಿಗೆ ಹತ್ತು ರೂಪಾಯಿ. ನಾವು ಚಿಕ್ಕವರಿದ್ದಾಗ ಸೋಡಾ ಬಾಟಲಿ ವಾಪಸ್ ಕೊಡದೆ ಅಂಗಡಿಯ ಶೆಟ್ಟರು ಬಿಡುತ್ತಿದ್ದರಾ? ಅದೇ ಲೆಕ್ಕ. ಜೋಗಕ್ಕೆ, ಕೊಡಚಾದ್ರಿಗೆ ಹೋಗುವ ಬಾಟಲಿಗಳಿಗೂ ಇದನ್ನು ತರಲು ಏನು ಅಡ್ಡಿ ಎಂದು ನನಗೆ ಅರ್ಥವಾಗಿಲ್ಲ.

ಹಿರಿಯರ ಬಗ್ಗೆ ಮಾತ್ರ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಕರಗಿಸಿದ್ದು ಇದ್ದಿಲಿನಿಂದ. ಆ ಇದ್ದಿಲು ಮಲೆನಾಡಿನ ಮರಗಳದ್ದು. ಅಡಿಕೆ ಬೇಯಿಸುವ ಒಲೆಗೆ ನಮ್ಮ ಅಜ್ಜಂದಿರು ಸುಟ್ಟ ಸೌದೆಯೂ ಕಡಿಮೆಯಲ್ಲ. ಅವರು ಕಾನೂನಿಲ್ಲದೆ ಬದುಕಲೂ ಇಲ್ಲ. ಸೊಪ್ಪಿನಬೆಟ್ಟ ಏನು? ತೋಟವಿದ್ದವನಿಗೆ ಸೊಪ್ಪಿನ ಹಕ್ಕು, ಅದೂ ಗುರುತು ಮಾಡಿದ ಬೆಟ್ಟದಲ್ಲಿ. ಪಕ್ಕದವನ ಬೆಟ್ಟಕ್ಕೆ ಕತ್ತಿ ಹಾಕಿದರೆ ಜಗಳ. ಅದೂ ಒಂದು ನೀತಿಯೇ.

ಆ ಗೃಹಪ್ರವೇಶದ ಮನೆಯವರನ್ನು ಬೈಯುವ ಮನಸ್ಸೂ ನನಗಿಲ್ಲ. ಐನೂರು ಜನರ ಊಟಕ್ಕೆ ಐನೂರು ಸ್ಟೀಲ್ ಲೋಟ ಸಿಗಬಹುದು, ತೊಳೆಯುವ ಕೈ ಎಲ್ಲಿ? ಮೊದಲು ಆ ಕೆಲಸ ಮನೆಯ ಹೆಂಗಸರ ಮೇಲೆ ಬೀಳುತ್ತಿತ್ತು. ಊಟದ ಸಾಲಿನಲ್ಲಿ ಕೂತ ನಮಗೆ ಅದು ಕಾಣುತ್ತಿರಲಿಲ್ಲ. ಬಾಟಲಿ ಗೆದ್ದದ್ದು ಅಲ್ಲಿ. ಕೇರಳದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೇ ಎಸೆಯುವ ತಟ್ಟೆ, ಲೋಟ ಬೇಡವೆಂದು ತೊಳೆದು ಬಳಸುವ ಪಾತ್ರೆ ಇಟ್ಟಿದ್ದರು. ಅಷ್ಟು ದೊಡ್ಡ ಕೂಟಕ್ಕೆ ಆಗುವುದು ನಮ್ಮೂರ ಮದುವೆಗೆ ಆಗದೇ? ನಮ್ಮ ಪಂಚಾಯಿತಿಗಳಲ್ಲಿ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣಗಳಿವೆ. ಸ್ವಸಹಾಯ ಸಂಘದ ಹೆಂಗಸರು ಕಸದ ಗಾಡಿ ಓಡಿಸುತ್ತಾರೆ. ಎಸೆದ ಬಾಟಲಿ ಹೆಕ್ಕಲು ಅವರಿಗೆ ಕೊಡುವ ದುಡ್ಡಿನ ಜೊತೆ ಒಂದಷ್ಟು ಲೋಟ, ಒಂದು ತೊಳೆಯುವ ಕಟ್ಟೆ, ಸರಿಯಾದ ಕೂಲಿ ಸೇರಿಸಿದರೆ ಬಾಟಲಿಯೇ ಬರುವುದಿಲ್ಲ. ಬಾಡಿಗೆಯನ್ನು ಮದುವೆ ಮನೆಯವರೇ ಕೊಡಲಿ. ಬಾಟಲಿಗೆ ಕೊಡುತ್ತಿಲ್ಲವೇ?

ನಮ್ಮ ಕವರಿನ ವಿಷಯ: ದೀಪಾವಳಿ ಸಂಚಿಕೆಯಿಂದ ಮೇ ತಿಂಗಳವರೆಗೆ ಕವರ್ ಇರುವುದಿಲ್ಲ. ಮಳೆಗಾಲದ ನಾಲ್ಕು ಸಂಚಿಕೆಗಳಿಗೆ ಇನ್ನೂ ದಾರಿ ಸಿಕ್ಕಿಲ್ಲ. ಒಂದು ಸಹಾಯ ಬೇಕು, ಮೇಷ್ಟ್ರೇ. ಹಲವು ಊರುಗಳಲ್ಲಿ ಮದುವೆಗೆಂದೇ ದೇವಸ್ಥಾನದ ಹಂಡೆ, ಕೊಳಗ, ಚೊಂಬುಗಳಿದ್ದವು. ನಿಮ್ಮೂರಿನಲ್ಲೂ ಇದ್ದರೆ, ಅವು ಈಗ ಎಲ್ಲಿವೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿ ಬರೆಯಿರಿ. ಪ್ರಕಟಿಸುತ್ತೇವೆ.

ಸಂಪಾದಕ